ಬಾಗಿಲ ಹೊರಗಿನ ಜಗಲಿ

ಕುಮಟಾ

ಮಧುರಾ ಅವರಿಗೆ ನಮಸ್ಕಾರ.

ನಮ್ಮ ಅಪಾರ್ಟ್‌ಮೆಂಟಿನ ನಕ್ಷೆಯಲ್ಲಿ ಪ್ರತಿ ಮನೆಯ ಬಾಗಿಲ ಹೊರಗೂ ನೀವು ಜಗಲಿ ಬರೆದಾಗ, ಆ ಜಾಗವನ್ನು ಒಳಗಿನ ಹಾಲ್‌ಗೆ ಸೇರಿಸಿ ಎಂದು ಜಗಳವಾಡಿದವನು ನಾನು. ನೀವು ಒಪ್ಪಲಿಲ್ಲ.

ಮನೆ ಪಾಲಾದಾಗ ನನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿದ್ದ ಅಣ್ಣ, ಹನ್ನೊಂದು ವರ್ಷಗಳ ನಂತರ ಮೊನ್ನೆ ಹಳದೀಪುರದಿಂದ ಬಂದ. ಒಳಗೆ ಕರೆದೆ. ಜಗಲಿಯಲ್ಲೇ ಕೂತ.

“ಆಣೆ ಆಣೆಯೇ. ಇದು ಹೊರಗೇ ಅಲ್ದನಾ? ಆಸರಿಗೆ ಎಂತಾದ್ರೂ ಕೊಡು.”

ಬಾಯಾರಿಕೆಗೆ ಬೆಲ್ಲ, ನೀರು ತಂದು ಪಕ್ಕದಲ್ಲಿ ಕೂತೆ. ಸಂಜೆಯ ಬಸ್ಸಿನವರೆಗೂ ಮಾತಾಡಿದೆವು.

ಈಗ ನಮ್ಮ ನಿವಾಸಿಗಳ ಸಂಘದವರು ಜಗಲಿ ಒಡೆದು ಚಪ್ಪಲಿ ಕಪಾಟು ಇಡುತ್ತಾರಂತೆ. ಒಡೆಯಬಾರದೆಂದು ದಯವಿಟ್ಟು ಅವರಿಗೊಂದು ಪತ್ರ ಬರೆಯಿರಿ. ಅಣ್ಣ ಭಾನುವಾರ ಮತ್ತೆ ಬರುತ್ತಾನೆ. ಒಳಗೆ ಕರೆಯುವ ಅವಸರ ನನಗಿಲ್ಲ.

ನಿಮ್ಮ ಉಪಕಾರ ನೆನೆಯುತ್ತಾ,
ದಿವಾಕರ
ಮೂರನೇ ಮಹಡಿ