ಸೌಟಿನಲ್ಲಿ ಕಾಸಿದ ಟಾನಿಕ್

ಚಿತ್ತವಾಡ್ಗಿ, ಹೊಸಪೇಟೆ
೧೮ ಫೆಬ್ರವರಿ ೨೦೦೭, ಭಾನುವಾರ

ಚಿ. ಸೌ. ಸುನಿತಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ನೀನು, ಐಶ್ವರ್ಯ, ಕಂಪ್ಲಿಯ ಬೀಗರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ತಂದೆಯವರ ಮೊಣಕಾಲು ಈಗ ಹೇಗಿದೆ? ಗದ್ದೆಯ ಕೆಸರಿಗೆ ಇಳಿಯಬೇಡಿರೆಂದು ನಾನು ಹೇಳಿದೆನೆಂದು ತಿಳಿಸು. ಕೇಳುವವರಲ್ಲವೆಂದು ಗೊತ್ತು, ಆದರೂ ತಿಳಿಸು. ಇಲ್ಲಿ ನಾವು ಆರಾಮ. ಸಿದ್ದಲಿಂಗೇಶ್ ಎಂದಿನಂತೆ ವಾರಕ್ಕೊಮ್ಮೆ ಯಶವಂತನಗರದ ಗಣಿಯಿಂದ ಕಂಪನಿ ಬಸ್ಸಿನಲ್ಲಿ ಬರುತ್ತಾನೆ. ಅವನ ಅಂಗಿ ನೆನೆಸಿದ ಬಕೆಟ್ಟಿನ ನೀರು ಕುಂಕುಮ ಕದಡಿದಂತಿರುತ್ತದೆ. ಮಗಳನ್ನು ಕೇಳುತ್ತಾನೆ, ನಿನ್ನನ್ನೂ ಕೇಳುತ್ತಾನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲವೆಂದು ನನ್ನ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂರುತ್ತಾನೆ. ಅದು ನಿಮ್ಮಿಬ್ಬರ ವ್ಯವಹಾರ, ನಾನು ನಡುವೆ ಬರುವುದಿಲ್ಲ.

ಟಾನಿಕ್ ನಿಲ್ಲಿಸಬೇಕೆಂದು ಬುಧವಾರ ನಿನ್ನ ಅಣ್ಣ ಉಚ್ಚೆಂಗಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ನಿಲ್ಲಿಸಿದ್ದೀಯೆಂದು, ಐಶ್ವರ್ಯಳ ಬೆಳಗಿನ ಸಕ್ಕರೆ ಇಳಿಯುತ್ತಿದೆಯೆಂದು ಅವನೇ ನಿನ್ನೆ ತಿಳಿಸಿದ. ಇನ್ಸುಲಿನ್ ಪ್ರಮಾಣ ಈಗ ಬದಲಿಸಬೇಕಾಗಬಹುದು, ತಡಮಾಡದೆ ಅಲ್ಲಿಯ ಡಾಕ್ಟರಿಗೆ ತೋರಿಸಿ ಎಂದು ನಮ್ಮ ಡಾಕ್ಟರು ಒತ್ತಿ ಹೇಳಿದ್ದಾರೆ. ಯಾಕೆ ನಿಲ್ಲಿಸಬೇಕಾಯಿತೆಂಬುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಈ ಕಾಗದ.

ಕೂಸನ್ನು ಕರೆದುಕೊಂಡು ತವರಿಗೆ ಹೊರಟ ದಿನ ನೀನು ನಿನ್ನ ಅತ್ತೆಗೆ ಆಡಿದ ಮಾತು ಓಣಿಗೆಲ್ಲ ಕೇಳಿಸಿತ್ತು. "ನಿಮ್ಮ ಕೈಯಾಗಿನ ಬೆಲ್ಲ ನನ್ನ ಮಗಳನ್ನ ತಿಂತೈತಿ, ಅತ್ತಿ." ಕೆದಕಲು ಬರೆಯುತ್ತಿಲ್ಲ. ನಿನಗೆ ಹಾಗೆ ಅನ್ನಿಸಿದ್ದಕ್ಕೆ ಕಾರಣವಿತ್ತು. ಎಂಟು ವರ್ಷದ ಮಗುವಿಗೆ ಸಕ್ಕರೆ ಕಾಯಿಲೆ, ನೀನು ಅನ್ನವನ್ನೂ ಅಳೆದು ಹಾಕುತ್ತೀಯ, ಆದರೂ ಬೆರಳು ಚುಚ್ಚಿ ನೋಡಿದಾಗಲೆಲ್ಲ ಯಂತ್ರ ಹೆಚ್ಚೇ ತೋರಿಸುತ್ತದೆ. ಮನೆಯಲ್ಲಿ ಬೆಲ್ಲದ ಮೇಲೆ ನಂಬಿಕೆಯಿದ್ದವಳು ಒಬ್ಬಳೇ. ದೂಳಿನಲ್ಲಿ ದುಡಿಯುವವರ ಗಂಟಲಿಗೆ ಬೆಲ್ಲ ಎಂಬುದು ನಮ್ಮಲ್ಲಿ ಹಳೆಯ ಮಾತು. ನಮ್ಮ ತಂದೆಯವರ ಅಕ್ಕಿ ಗಿರಣಿಯಲ್ಲಿ ಸಂಜೆ ಹಮಾಲರ ಕೈಗೆ ಬೆಲ್ಲದ ತುಂಡು ಇಡದೆ ಯಾರನ್ನೂ ಮನೆಗೆ ಕಳಿಸುತ್ತಿರಲಿಲ್ಲ. ಅದಿರಿನ ಲಾರಿಗಳು ನಮ್ಮ ರಸ್ತೆ ಹಿಡಿದ ಮೇಲೆ ನಿನ್ನ ಅತ್ತೆ ಸುವರ್ಣಮ್ಮ ಅದನ್ನೇ ಮೊಮ್ಮಗಳಿಗೆ ಮಾಡಿದಳು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನವೇ ನಿಲ್ಲಿಸಿದಳು; ತಾನೂ ಬಾಯಿಗೆ ಹಾಕುವುದನ್ನು ಬಿಟ್ಟಳು. "ದೇವರಾಣೆ ಕೊಟ್ಟಿಲ್ರಿ" ಎಂದು ಅವಳು ಹೇಳಿದಳು, ನೀನು ನಂಬಲಿಲ್ಲ. ಆಣೆಗೆ ಪುರಾವೆ ಎಲ್ಲಿಂದ ತರುವುದು?

ಪುರಾವೆ ಕೊಟ್ಟವನು ನಿನ್ನ ಅಣ್ಣನೇ. "ಇಲ್ಲೂ ಸಕ್ರಿ ಇಳೀವಲ್ದು ಮಾವಾರ, ಇಲ್ಲಿ ಬೆಲ್ಲ ಯಾರು ಕೊಡ್ತಾರ ಹೇಳ್ರಿ" ಎಂದು ಹೋದ ವಾರ ಫೋನಿನಲ್ಲಿ ನನ್ನ ಮೇಲೆಯೇ ರೇಗಿದ. ಅಜ್ಜಿ ಹೊಸಪೇಟೆಯಲ್ಲಿ, ಸಕ್ಕರೆ ಕಂಪ್ಲಿಯಲ್ಲಿ ಏರುತ್ತಿದೆ. ಹಾಗಾದರೆ ಕೂಸಿನ ಜೊತೆ ಬಸ್ಸು ಹತ್ತಿದ್ದು ಏನೋ ಇರಬೇಕು. ನಿನ್ನ ಬ್ಯಾಗಿನಲ್ಲಿ ಏನೇನು ಹೋಯಿತೆಂದು ಸಿದ್ದಲಿಂಗೇಶನನ್ನು ಕೇಳಿದೆ. ಬಟ್ಟೆ, ಸೂಜಿ, ಇನ್ಸುಲಿನ್, ಶಾಲೆಯ ಪುಸ್ತಕ, ಮತ್ತೆ ಅವನ ಗಣಿಯವರು ಆರೋಗ್ಯ ಶಿಬಿರದಲ್ಲಿ ಹಂಚಿದ ವಿಟಮಿನ್ ಟಾನಿಕ್. ಕೆಮ್ಮುವ ಮಕ್ಕಳಿಗೆ ಶಕ್ತಿ ಬರಲೆಂದು ರಟ್ಟಿನ ಡಬ್ಬಿಗಟ್ಟಲೆ ಕೊಟ್ಟಿದ್ದರು, ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡಿದ್ದರು. ಲಾರಿ ರಸ್ತೆಗೆ ನೀರು ಹೊಡೆಸಿರೆಂದು ಅದೇ ಪತ್ರಿಕೆಯ ವಾಚಕರ ಅಂಕಣಕ್ಕೆ ನಾನು ಬರೆದ ಕಾಗದಗಳು ಏನಾದವೋ ತಿಳಿಯದು. ರಸ್ತೆಗೆ ನೀರು ಹೊಡೆಸುವುದಕ್ಕಿಂತ ಮಕ್ಕಳಿಗೆ ಟಾನಿಕ್ ಕುಡಿಸುವುದು ಅಗ್ಗವಿರಬೇಕು.

ಅದೇ ಟಾನಿಕ್ಕಿನ ಒಂದು ಬಾಟಲಿ ಹಾಲೇಶನ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದೆ. ಯಾವ ವಿಟಮಿನ್ ಎಷ್ಟು ಮಿಲಿಗ್ರಾಂ ಎಂಬುದು ಎದ್ದು ಕಾಣುವಂತಿದೆ. ಕೆಳಗೆ, ಇರುವೆಗಷ್ಟೇ ಕಾಣುವ ಅಕ್ಷರದಲ್ಲಿ, 'ಫ್ಲೇವರ್ಡ್ ಸಿರಪ್ ಬೇಸ್' ಎಂದು ಇಂಗ್ಲಿಷಿನಲ್ಲಿದೆ. ಸಿರಪ್ ಎಂದರೇನು, ಸಕ್ಕರೆ ಪಾಕವಲ್ಲವೇ? ಎಷ್ಟಿದೆ ಎಂಬುದು ಎಲ್ಲಿಯೂ ಇಲ್ಲ. ಹಾಲೇಶನನ್ನು ಕೇಳಿದರೆ ನಕ್ಕುಬಿಟ್ಟ. "ಸಕ್ರಿ ಇಲ್ದ ಹುಡುಗ್ರು ಕುಡೀತಾವೇನ್ರಿ ಯಜಮಾನ್ರ? ನೀವು ಭಾಳ ಓದ್ತೀರಿ, ಅದಕ್ಕ ತ್ರಾಸು." ನಾವು ಶಾಲೆಗೆ ಹೋಗುವಾಗ ಔಷಧಿ ಕಹಿ ಇರುತ್ತಿತ್ತು, ಕಂಡರೆ ಓಡುತ್ತಿದ್ದೆವು. ಮೀನೆಣ್ಣೆ ಕುಡಿಸಲು ಬಂದವರಿಗೆ ಕೊರಳಿನ ಲಿಂಗ ತೋರಿಸಿ ನಾನು ಪಾರಾಗಿದ್ದೆ. ಮಗು ತಾನಾಗಿ ಬಂದು ಬಾಯಿ ತೆರೆಯುವ ಔಷಧಿಯ ಮೇಲೆ ಈ ದೇಶದಲ್ಲಿ ಯಾರಿಗೂ ಅನುಮಾನ ಬರಲಿಲ್ಲವಲ್ಲ!

ಮನೆಗೆ ಬಂದು ಒಂದಿಷ್ಟು ಟಾನಿಕ್ಕನ್ನು ಕಬ್ಬಿಣದ ಸೌಟಿಗೆ ಸುರಿದು ಗ್ಯಾಸಿನ ಮೇಲೆ ಹಿಡಿದೆ. ನೀರು ಆರಿತು, ನೊರೆ ಬಂತು. ಬೆರಳಿಗೆ ಹಚ್ಚಿ ನೋಡಿದರೆ ಎಳೆ ಎಳೆಯಾಗಿ ಎದ್ದಿತು. ವಾಸನೆಗೆ ಸುವರ್ಣಮ್ಮ ಒಳಗೆ ಬಂದಳು. "ಇದೇನ್ರೀ, ಪಾಕ ಕಾಸಾಕ ಹತ್ತೀರಿ? ಹೋಳಿಗಿಗೆ ಬ್ಯಾಳಿ ಹಾಕ್ಲೇನು?" ಟಾನಿಕ್ ಎಂದೆ. "ಐಶೂಗ ಕುಡಿಸ್ತಿದ್ದದ್ದಾ?" ಎಂದಳು. ಹೌದೆಂದೆ. ಅವಳು ಗ್ಯಾಸು ಆರಿಸಿ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. "ಸುನಿತಾಗ ಹೆಂಗ ಹೇಳೋದ್ರಿ ಇದನ್ನ? ಪಾಪ, ಎದಿ ಒಡಕೊಂತಾಳ" ಎಂದಳು. ತನ್ನ ಮೇಲಿನ ಅಪವಾದ ಕಳೆಯಿತೆಂಬುದು ಆ ಹೊತ್ತಿಗೆ ಅವಳ ತಲೆಗೇ ಹೋಗಿರಲಿಲ್ಲ.

ಕೊಟ್ಟ ಕೈ ನಿನ್ನದು, ನಿಜ. ತಪ್ಪು ನಿನ್ನದೆಂದು ನಾನು ಬರೆಯುತ್ತಿಲ್ಲ. ಸಿಹಿ ಏನೇನು ಕೊಡುತ್ತೀರೆಂದು ಡಾಕ್ಟರು ಕೇಳಿದಾಗಲೆಲ್ಲ ನಮಗೆ ಬೆಲ್ಲ ನೆನಪಾಯಿತು, ಟಾನಿಕ್ ನೆನಪಾಗಲಿಲ್ಲ. ಅದು ಔಷಧಿಯಲ್ಲವೇ, ಔಷಧಿ ಸಿಹಿಯ ಲೆಕ್ಕಕ್ಕೆ ಬರುತ್ತದೆಯೇ? ಬರುತ್ತದೆಯೆಂದು ಬಾಟಲಿಯ ಮೇಲೆ ಬರೆಯಬೇಕಾದವರು ಬರೆದಿಲ್ಲ. ಸೌಟಿನ ಸಂಗತಿಯನ್ನೂ ಸೇರಿಸಿ ಟಾನಿಕ್ ಕಂಪನಿಗೆ, ಗಣಿಯವರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ರಿಜಿಸ್ಟರ್ ಅಂಚೆಯಲ್ಲಿ ಬರೆದಿದ್ದೇನೆ. ಉತ್ತರ ಬರುತ್ತದೆಂಬ ಭ್ರಮೆಯಿಲ್ಲ. ಆದರೆ ಶಿಬಿರದ ಬಾಟಲಿಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ, ಸುಮ್ಮನಿರಲು ಆಗಲಿಲ್ಲ. ಇನ್ನು ಮೇಲೆ ಗುಳಿಗೆಯಿರಲಿ, ಸಿರಪ್ಪಿರಲಿ, ಚೀಪುವ ವಿಟಮಿನ್ ಇರಲಿ, ಸಕ್ಕರೆ ಎಷ್ಟೆಂದು ಡಾಕ್ಟರನ್ನು ಕೇಳಿಯೇ ಕೊಡು. ಅವರು ಬೇಸರಪಟ್ಟುಕೊಂಡರೂ ಕೇಳು.

ಯಾವಾಗ ಬರುತ್ತೀಯೆಂದು ನಾನು ಕೇಳುವುದಿಲ್ಲ. ಮನೆ ನಿನ್ನದು. ಬೀಗರಿಗೆ ನನ್ನ ಶರಣು, ಐಶ್ವರ್ಯಳಿಗೆ ಅಜ್ಜನ ಮುದ್ದು. ನಿನಗೆ ಒಳ್ಳೆಯದಾಗಲಿ.

ಇಂತು ನಿನ್ನ ಮಾವ,
ಕೊಟ್ರಯ್ಯ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಕೇಳಿ ಮುಗಿದ ಮೇಲೆ, "ತಪ್ಪಾತು ಗಿಪ್ಪಾತು ಅಂತ ಆಕಿ ಕಡಿಂದ ಏನೂ ಹೇಳಿಸಬ್ಯಾಡ್ರಿ. ಸೂಜಿ ಹಾಕೋದು ನನಗೂ ಕಲಿಸ್ಲಿ ಅಂತ ಬರೀರಿ. ದಿನಾ ಆಕಿ ಒಬ್ಬಾಕಿನ ಎದ್ದು ಹಾಕಬೇಕು, ಒಂದಿನಾನೂ ನಿದ್ದಿ ಇಲ್ಲ ಅದಕ್ಕ" ಎಂದಳು. ನಿನ್ನ ಕೈ ಬಿಟ್ಟು ಬೇರೆ ಯಾರಿಗೂ ನೀನು ಇನ್ಸುಲಿನ್ ಮುಟ್ಟಗೊಡುವುದಿಲ್ಲವೆಂದು ನೆನಪು ಮಾಡಿದೆ. "ಕೂಸಿಗೆ ಈಗಲೇ ಚುಚ್ತೀನಿ ಅಂದೆನಾ? ಮೊದಲು ಬದನಿಕಾಯಿಗೆ ಚುಚ್ಚಿ ಕಲೀತೀನಿ" ಎಂದು ನನ್ನ ಮೇಲೆಯೇ ಏರಿಬಂದಳು. ಗುರುವಾರ ಬೆಳಗಿನ ಬಸ್ಸಿಗೆ ಹೊರಟಿದ್ದಾಳೆ. ಬದನೆಕಾಯಿ ಈಗಲೇ ಕೊಂಡಿಟ್ಟಾಗಿದೆ. ಬಸ್ ಸ್ಟ್ಯಾಂಡಿಗೆ ಬಾ.