ಗಂಡುಬೀರಿ ಸುಮ್ಮನಾದಾಗ

ಮನೆಯಿಂದ, ಹದಿನಾರನೇ ತಾರೀಖು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊಲಿಗೆ ಹಾಕಿದ ಕಡೆ ನೋವು ಇಳಿದಿದೆಯಾ? ಆಸ್ಪತ್ರೆಯ ಊಟ ಸಪ್ಪೆ ಎಂದು ಬಿಟ್ಟು ಕೂರಬೇಡ. ಇನ್ನು ಹೆದರಿಕೆಯೇನಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅಳಿಯಂದಿರು ತಿಳಿಸಿದ ಮೇಲೆಯೇ ನನಗೂ ಗಂಟಲಲ್ಲಿ ತುತ್ತು ಇಳಿಯುತ್ತಿರುವುದು.

ಇನ್ನು ನಿನ್ನ ಮಗಳ ಸುದ್ದಿ. ಅವಳು ತುಂಬಾ ಒಳ್ಳೆಯವಳಾಗಿದ್ದಾಳೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ಆ ಒಳ್ಳೆಯತನವೇ ನನಗೆ ದಿಗಿಲು ಹುಟ್ಟಿಸಿತ್ತು. ಮೆಟ್ಟಿಲಿನ ಕಂಬಿಯ ಮೇಲೆ ಜಾರಿಕೊಂಡು ಬರುವ ಹುಡುಗಿ ಗೋಡೆ ಹಿಡಿದು ಇಳಿಯುತ್ತಿದ್ದಳು. ಶಿಳ್ಳೆಯಿಲ್ಲ, ಜಗಳವಿಲ್ಲ, ಮಂಡಿ ತರಚಿಕೊಂಡು ಬರುವುದಿಲ್ಲ. ಓಣಿಯ ಹುಡುಗರು ಚೆಂಡು ಹಿಡಿದು ಕರೆಯಲು ಬಂದರೆ "ನಾನು ಬರಲ್ಲ" ಎಂದು ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಬಟ್ಟೆಚೂರು ಆಯುತ್ತಿದ್ದಳು. "ಗಂಡುಬೀರಿ, ಸ್ವಲ್ಪ ಸುಮ್ಮನಿರೇ" ಎಂದು ದಿನವೂ ಬಾಯಿ ನೋಯಿಸಿಕೊಳ್ಳುತ್ತಿದ್ದವಳು ನಾನು. ಅವಳು ನಿಜವಾಗಿ ಸುಮ್ಮನಾದ ಮೇಲೆ ಮನೆ ಬಿಕೋ ಎನ್ನತೊಡಗಿತು.

ನಿನ್ನೆ ಸಂಜೆ ಅಂಗಿಗೆ ಗುಂಡಿ ಹೊಲಿಯುತ್ತ, ಯಾಕೆ ಹೀಗಾಗಿದ್ದೀಯ ಎಂದು ಮೆಲ್ಲಗೆ ಕೇಳಿದೆ. "ನಾನು ಗಲಾಟೆ ಮಾಡಿದ್ರೆ ಅಮ್ಮ ಸತ್ತೋಗ್ತಾಳೆ" ಅಂದಳು. ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನ ಕೆಳಮನೆಯಾಕೆ ಇವಳನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ನಿನ್ನಂಥ ಗಂಡುಬೀರಿ ಹಿಂದೆ ಓಡಿ ಓಡಿನೇ ನಿಮ್ಮಮ್ಮನ ಎದೆ ಕೆಟ್ಟಿದ್ದು" ಅಂದಿದ್ದಳಂತೆ. ಅದನ್ನು ಮಗು ಇಷ್ಟು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದೆ, ನೋಡು. ಮಡಿಲಿಗೆ ಎಳೆದುಕೊಂಡೆ. "ಅಮ್ಮನ ಹೃದಯದಲ್ಲಿ ಡಾಕ್ಟರು ಈಗ ಮುಚ್ಚಿದ್ರಲ್ಲ, ಆ ತೂತು ಅವಳು ಹುಟ್ಟಿದಾಗ್ಲೇ ಇತ್ತು ಕಣೇ. ಆಗ ನೀನೆಲ್ಲಿದ್ದೆ?" ಎಂದೆ. ಯೋಚಿಸಿ, "ನಾನು ಇರ್ಲೇ ಇಲ್ವಲ್ಲ" ಅಂದಳು. "ಮತ್ತೆ ನಿಂದೇನು ತಪ್ಪು?" ಆಗ ಅವಳು ಅತ್ತದ್ದು ಓಣಿಯ ತುದಿಗೂ ಕೇಳಿಸಿರಬೇಕು.

ಇವತ್ತು ಬೆಳಿಗ್ಗೆ ಗಿರಾಕಿಯ ಅಂಗಿ ಕತ್ತರಿಸುತ್ತಿದ್ದೆ. ಫಳ್ ಎಂದು ಅಡುಗೆಮನೆಯ ಕಿಟಕಿ ಗಾಜು ಒಡೆದು ಚೆಂಡು ಹಾಲಿನ ಪಾತ್ರೆಗೇ ಬಿತ್ತು. ಹಿಂದೆಯೇ ಅವಳ ಶಿಳ್ಳೆ. ಕೆಳಮನೆಯಾಕೆ ಕತ್ತು ಹೊರಗೆ ಹಾಕಿ, "ಶುರುವಾಯ್ತು ಗಂಡುಬೀರಿದು" ಅಂದಳು. "ಹೌದಮ್ಮ, ಸದ್ಯ ಶುರುವಾಯ್ತು" ಅಂದೆ. ಹಾಲು ಚೆಲ್ಲಿ ಹೋದರೂ ಇಷ್ಟು ಹಗುರವಾಗಿ ನಕ್ಕು ಎಷ್ಟು ದಿನವಾಗಿತ್ತೋ.

ಮೈ ನೋಡಿಕೋ. ನೂರು ವರ್ಷ ಬಾಳು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಮರೆತೆ: ನನ್ನ ಮಾತನ್ನು ಅವಳು ಪೂರ್ತಿ ನಂಬಿಲ್ಲ. ಗಾಜಿನ ವಿಷಯ ತಿಳಿದರೆ ನಿನಗೇನಾಗುತ್ತದೋ ಎಂದು ಹೆದರಿ ಬಾಗಿಲ ಹಿಂದೆ ನಿಂತಿದ್ದಾಳೆ. ಅಳಿಯಂದಿರು ಈ ಕಾಗದ ಕೊಟ್ಟ ಕೂಡಲೇ ಫೋನ್ ಮಾಡಿ ಅವಳನ್ನು ಕರೆ. ಮೊದಲಿನ ಹಾಗೆಯೇ, ಗಟ್ಟಿಯಾಗಿ ಬೈದುಬಿಡು.