ನೀನಿಲ್ಲದಾಗ ಹೇಳಿದ ನಿನ್ನ ಕಥೆ

ದಂಡಿಗನಹಳ್ಳಿ
ಗುರುವಾರ, 12-11-1942

ಚಿ. ಸೌ. ನೀಲಾಂಬಿಕೆಗೆ ಆಶೀರ್ವಾದಗಳು. ಗಂಡನ ಮೇಲೆ ಮುನಿದು ತವರಿಗೆ ಹೋದವರಿಗೂ ಇವು ಸಲ್ಲುತ್ತವೆ.

ನಾನು ಕ್ಷೇಮ. ಅಡುಗೆ ನನ್ನದೇ, ಅನ್ನ ಮುದ್ದೆಯಾಗುತ್ತದೆ, ಮುದ್ದೆ ಅಂಬಲಿಯಾಗುತ್ತದೆ. ನೀನು ನಗುವುದು ಹೊಳೆನರಸೀಪುರದಿಂದ ಇಲ್ಲಿಗೇ ಕೇಳಿಸುತ್ತಿದೆ.

ನೀನು ಹೋದದ್ದು ಅರಕಲಗೂಡಿನ ಅಕ್ಷರ ಪ್ರಚಾರದ ಸಭೆಯಲ್ಲಿ ನಾನು ಹೇಳಿದ ಕಥೆಯಿಂದ. ಓದು ಬಾರದ ನನ್ನ ಹೆಂಡತಿ ಸೀಸೆಯ ಚೀಟಿ ತಿಳಿಯದೆ ಉಳುಕಿನ ತೈಲವನ್ನು ಒಳ್ಳೆಣ್ಣೆಯೆಂದು ಒಗ್ಗರಣೆಗೆ ಹಾಕಿದಳು ಎಂದೆ. ಜನ ನಕ್ಕರು. ಹಿಂದಿನ ಸಾಲಿನಲ್ಲಿದ್ದ ನೀನು ಎದ್ದು ಹೋದೆ.

ಮೊನ್ನೆ ಅದೇ ಕಥೆಯನ್ನು ಇಲ್ಲಿಯೂ ಹೇಳಿದೆ. ಹೆಂಗಸರ ಅಕ್ಷರ ತರಗತಿಗೆ ಸೋಮವಾರದೊಳಗೆ ಹದಿನೈದು ಹೆಸರು ಸೇರದಿದ್ದರೆ ಮೇಲಿನವರು ಅದನ್ನು ಬೇರೆ ಊರಿಗೆ ಕೊಡುತ್ತಾರಂತೆ. ಸೇರಿದ್ದವು ಎರಡು. ‘ಓದಿದರೆ ಹಾದಿ, ಓದದಿದ್ದರೆ ಬೂದಿ’ ಎಂದು ಪ್ರಾಸವನ್ನೂ ಬಿಗಿದೆ. ಒಬ್ಬರೂ ಅಲುಗಲಿಲ್ಲ. ಬೆಟ್ಟಮ್ಮ ಎಂಬ ಮುದುಕಿ ಎದ್ದು, “ಎಣ್ಣೆ ಮೂಸ್ನೋಡುದ್ರೆ ತಿಳೀತದೆ ಕಣ ಸಾ, ಅದುಕ್ಯಾಕೆ ಅಕ್ಸರ? ನಿಮ್ಮೆಂಡ್ರಿಗೆ ಮೂಗಿರ್ನಿಲ್ವಾ?” ಎಂದಳು. ಆಗ ಎಲ್ಲರೂ ನಕ್ಕರು, ನನ್ನನ್ನು ನೋಡಿ.

ಕೇಳಲು ಬಂದವರನ್ನೇ ದಡ್ಡರನ್ನಾಗಿಸುವ ಕಥೆಯನ್ನು ಅವರಾದರೂ ಏಕೆ ಕೇಳಬೇಕು? ನನ್ನ ಹೆಂಡತಿಗೆ ಮೂಗೂ ಇದೆ, ಅಕ್ಷರವೂ ಇದೆ ಎಂದು ನಿಜವಾದ ಕಥೆ ಶುರುಮಾಡಿದೆ. ನೀನು ಕದ್ದು ಅಕ್ಷರ ಕಲಿತು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಮೊದಲ ಪದ ಬರೆದದ್ದು. ಇದೇನೆಂದು ನಮ್ಮವ್ವ ಕೇಳಿದ್ದು. ಅದು ನನ್ನ ಹೆಸರಾದ್ದರಿಂದ ಬಾಯಿಬಿಟ್ಟು ಹೇಳಲಾಗದೆ ನೀನು ಬೆವರಿದ್ದು. ಮಾಟವಿರಬೇಕೆಂದು ಅವ್ವ ಮಠದ ಅಯ್ಯನವರನ್ನು ಕರೆಸಿದ್ದು. ಅವರು ಅದನ್ನು ಬೀದಿಗೆ ಕೇಳುವಂತೆ ಓದಿದ್ದು.

ಹೆಂಗಸರ ಸೆರಗಿನ ಮರೆಯಲ್ಲಿ ನಗು. ಲಕ್ಷ್ಮಿದೇವಮ್ಮ ಎಂಬಾಕೆ, “ಯೋಳಬಾರ್ದು ಸರಿ. ಬರುದ್ರೆ ತೆಪ್ಪಿಲ್ವಾ ಸಾ?” ಎಂದು ಕೇಳಿದಳು. ಬರೆಯಬಾರದೆಂದು ಯಾರೂ ಹೇಳಿಲ್ಲವಲ್ಲ ಎಂದೆ.

“ಅಂಗಾದ್ರೆ ನನ್ನೆಸ್ರು ಬರ್ಕಳಿ. ಅವುರ್ದು ನಾನೇ ಬರೀತೀನಿ.”

ಹದಿನೇಳು ಹೆಸರಾದವು. ಆದರೆ ಬೆಟ್ಟಮ್ಮ ಪಟ್ಟು ಹಿಡಿದಳು: “ಗಂಡುಸ್ರ ಮುಂದೆ ಗಂಡನ ಎಸ್ರು ಬರಿಯಾಕೆ ನಾಚ್ಕೆ ಆಯ್ತದೆ. ಗ್ವಾಡೆ ಮ್ಯಾಲೆ ಬರ್ದವ್ರೇ ಬಂದು ಕಲಿಸ್ಲಿ. ಇಲ್ದಿದ್ರೆ ನಮ್ಮೆಸ್ರು ಒಡೆದಾಕ್ಬುಡಿ.”

ಸೋಮವಾರ ಬರುತ್ತಾಳೆ ಎಂದುಬಿಟ್ಟೆ. ನಿನ್ನನ್ನು ಕೇಳದೆ ನಾನು ಹೇಳಿದ ನಿನ್ನ ಎರಡನೆಯ ಕಥೆ ಇದು. ಆದರೆ ಇದರ ಕೊನೆ ನಿನ್ನ ಕೈಯಲ್ಲಿದೆ. ಭಾನುವಾರ ಬಸ್ಸು ಬರುವ ಹೊತ್ತಿಗೆ ಚನ್ನರಾಯಪಟ್ಟಣದಲ್ಲಿ ಗಾಡಿ ಕಟ್ಟಿಸಿಕೊಂಡು ಕಾಯುತ್ತಿರುತ್ತೇನೆ.

ಇಂತಿ,
ನೀನು ಬಾಯಲ್ಲಿ ಹೇಳದ, ಗೋಡೆಯ ಮೇಲೆ ಬರೆದ
ಗಂಗಾಧರಯ್ಯ

ತಾ.ಕ.: ಅಂದು ತೈಲವನ್ನು ಒಗ್ಗರಣೆಗೆ ಹಾಕಿದವನು ಬಿ.ಎ. ಓದಿದ ನಾನೇ ಎಂದು ಸಭೆಯಲ್ಲಿ ಒಪ್ಪಿಕೊಂಡೆ. ಗೋಡೆಯ ಕಥೆಗಿಂತ ಅದಕ್ಕೇ ಹೆಚ್ಚು ನಕ್ಕರು. ಬರುವಾಗ ಒಳ್ಳೆಣ್ಣೆ ತಾ. ಮನೆಯಲ್ಲಿ ಎರಡು ಸೀಸೆಗಳಿವೆ, ಎರಡರ ಚೀಟಿಯೂ ಉದುರಿದೆ, ನನಗೆ ನೆಗಡಿ.